ಜಾಥಾ ಮುಗಿದ ಮೇಲೆ: ಕಾಲೇಜಿನಲ್ಲಿ ಗೆಳೆಯರ ಜೀವ ಕಾಯುವ ಕೆಲಸ ಹೇಗೆ ಶುರು ಮಾಡುವುದು

ಸೆಪ್ಟೆಂಬರ್ 10 ವಿಶ್ವ ಆತ್ಮಹತ್ಯೆ ತಡೆ ದಿನ. ಅವತ್ತು ಎಷ್ಟೋ ಕಾಲೇಜುಗಳಿಂದ ಬ್ಯಾನರ್ ಹಿಡಿದ ಜಾಥಾ ಹೊರಡುತ್ತದೆ. ಸರ್ಕಲ್‌ವರೆಗೆ ಹೋಗಿ ವಾಪಸ್ ಬರುತ್ತೇವೆ. ಒಂದು ಪ್ರತಿಜ್ಞೆ, ಒಂದು ಭಾಷಣ, ನಾಲ್ಕು ಫೋಟೊ. ಮಧ್ಯಾಹ್ನದ ಹೊತ್ತಿಗೆ ಬ್ಯಾನರ್ ಮಡಚಿ ಎನ್‌ಎಸ್‌ಎಸ್ ರೂಮಿನ ಬೀರುವಿನ ಮೇಲೆ ಇಟ್ಟರೆ ಮುಂದಿನ ಸೆಪ್ಟೆಂಬರ್‌ವರೆಗೆ ಅದು ಅಲ್ಲೇ.

ಡಿಗ್ರಿ ಓದುವಾಗ ಇಂಥ ಜಾಥಾದಲ್ಲಿ ಗಂಟಲು ಹರಿಯುವಂತೆ ಘೋಷಣೆ ಕೂಗಿದವನು ನಾನು. ಮೂರು ತಿಂಗಳ ನಂತರ ರಿಸಲ್ಟ್ ಬಂತು. ನಮ್ಮ ಹಾಸ್ಟೆಲಿನ ಜೂನಿಯರ್ ಒಬ್ಬನಿಗೆ ನಾಲ್ಕು ಸಬ್ಜೆಕ್ಟ್ ಹೋಗಿತ್ತು. ಅವತ್ತು ಸಂಜೆ ಅವನು ಮೆಸ್ ಬಾಕಿ ಪೂರ್ತಿ ಕಟ್ಟಿದ. ಆಮೇಲೆ ಕ್ಯಾಲ್ಕುಲೇಟರ್ ತಂದು ‘ಅಣ್ಣ, ಇದು ನೀನೇ ಇಟ್ಕೊ, ನಂಗಿನ್ನು ಬೇಕಾಗಲ್ಲ’ ಅಂದ. ಏನೋ ಸರಿಯಿಲ್ಲ ಅನ್ನಿಸಿತು. ಆದರೆ ಮುಂದೇನು ಮಾಡಬೇಕು ಅಂತ ಗೊತ್ತಾಗಲಿಲ್ಲ. ರಾತ್ರಿ ಹನ್ನೊಂದು ಗಂಟೆ. ವಾರ್ಡನ್ ಊರಿಗೆ ಹೋಗಿದ್ದರು. ನಾವು ಮೂವರ ಕೈಯಲ್ಲೂ ಫೋನಿತ್ತು. ಒಂದರಲ್ಲೂ ಆ ಹೊತ್ತಿಗೆ ಬೇಕಾದ ನಂಬರ್ ಇರಲಿಲ್ಲ. ಕೊನೆಗೆ ಬೆಳಗಿನವರೆಗೆ ಅವನ ಜೊತೆ ಕೂತದ್ದು ಮೆಸ್ಸಿನಲ್ಲಿ ಅಡುಗೆ ಮಾಡುವ ಅಣ್ಣ. ಬೆಳಿಗ್ಗೆ ಅವನ ಸೋದರಮಾವನನ್ನು ಕರೆಸಿದೆವು. ಹುಡುಗ ಈಗ ಚೆನ್ನಾಗಿದ್ದಾನೆ. ಅದು ನಮ್ಮ ಜಾಥಾದಿಂದ ಆದದ್ದಲ್ಲ, ಬರೀ ಅದೃಷ್ಟ.

ಈಗ ನಾನೇ ಪಾಠ ಮಾಡುತ್ತೇನೆ. ಪ್ರತಿ ವರ್ಷ ಒಂದಷ್ಟು ಹುಡುಗ ಹುಡುಗಿಯರು ಬಂದು ‘ಸಾರ್, ಮೆಂಟಲ್ ಹೆಲ್ತ್ ಬಗ್ಗೆ ಏನಾದ್ರೂ ಮಾಡ್ಬೇಕು’ ಅನ್ನುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ. ಓದುತ್ತಿರುವ ನಿಮಗೇ ಇವತ್ತು ಬದುಕು ಸಾಕು ಅನ್ನಿಸುತ್ತಿದ್ದರೆ ಲೇಖನ ಪಕ್ಕಕ್ಕಿಡಿ. 14416ಕ್ಕೆ ಫೋನ್ ಮಾಡಿ, ಅಥವಾ ಹತ್ತಿರ ಇರುವ ಯಾರನ್ನಾದರೂ ಕರೆದು ಜೊತೆಗೆ ಕೂರಿಸಿಕೊಳ್ಳಿ. ಉಳಿದದ್ದು ಆಮೇಲೆ ಓದಬಹುದು.

ಹೆಜ್ಜೆ 1: ಪೋಸ್ಟರ್‌ಗಿಂತ ಮೊದಲು ಒಂದು ಹಾಳೆ

ಎಲ್ಲರೂ ಪೋಸ್ಟರ್‌ನಿಂದ ಶುರು ಮಾಡುತ್ತಾರೆ. ಅದು ತಪ್ಪು. ‘ಮನಸ್ಸು ಬಿಚ್ಚಿ ಮಾತಾಡಿ’ ಅಂತ ಗೋಡೆಗೆ ಅಂಟಿಸುತ್ತೀರಿ. ಯಾರೋ ನಿಜವಾಗಿಯೂ ಬಂದು ಮಾತಾಡುತ್ತಾರೆ. ಆಗ ನಿಮ್ಮ ಹತ್ತಿರ ಏನಿದೆ? ಮೊದಲು ಆ ಉತ್ತರ ಸಿದ್ಧವಾಗಲಿ.

ಒಂದು ಹಾಳೆ ತಗೊಳ್ಳಿ. ಮೇಲೆ 14416 ಬರೆಯಿರಿ. ಇದು ಟೆಲಿ ಮನಸ್, ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು. ಇಡೀ ದೇಶಕ್ಕೆ ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 1800 891 4416 ಕೂಡ ಇದೇ ಸೇವೆಯ ನಂಬರ್. ಅದರ ಕೆಳಗೆ ತುರ್ತು ಸಹಾಯದ 112 ಮತ್ತು ಆಂಬುಲೆನ್ಸ್‌ನ 108.

ಇನ್ನು ನಿಮ್ಮ ಊರಿನ ವಿವರ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ? ಜಿಲ್ಲಾ ಆಸ್ಪತ್ರೆ, ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಮೊದಲು ವಿಚಾರಿಸಿ. ಧಾರವಾಡದ ಕಡೆಯವರಿಗೆ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಬೆಂಗಳೂರಿನವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ, ಅಲ್ಲಿ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ತಾಲ್ಲೂಕು ಊರುಗಳಲ್ಲಿ ‘ಮನೋಚೈತನ್ಯ’ ಅನ್ನುವ ಕಾರ್ಯಕ್ರಮದಡಿ ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ, ಎಷ್ಟು ಗಂಟೆಗೆ ಅಂತ ಆಸ್ಪತ್ರೆಗೇ ಹೋಗಿ ಕೇಳಿಕೊಂಡು ಬನ್ನಿ. ಗೂಗಲ್ ನಂಬಬೇಡಿ.

ಕೊನೆಗೆ ಕಾಲೇಜಿನ ಒಳಗಿನ ಜನ. ಕೌನ್ಸೆಲರ್ ಇದ್ದರೆ ಅವರ ರೂಮ್ ಯಾವುದು, ಯಾವ ಹೊತ್ತಿಗೆ ಸಿಗುತ್ತಾರೆ? ರಾತ್ರಿ ಫೋನ್ ಮಾಡಿದರೂ ಬೈಯದ ಇಬ್ಬರು ಮೇಷ್ಟ್ರು ಯಾರು? ವಾರ್ಡನ್ ಊರಲ್ಲಿಲ್ಲದಾಗ ಯಾರು? ಎಲ್ಲರನ್ನೂ ಮುಖತಃ ಕಂಡು, ಒಪ್ಪಿಗೆ ಪಡೆದು ಹೆಸರು ಬರೆಯಿರಿ.

ಒಮ್ಮೆ ನೀವೇ 14416ಕ್ಕೆ ಫೋನ್ ಮಾಡಿ ‘ಗೆಳೆಯನೊಬ್ಬ ಹೀಗೆ ಮಾತಾಡಿದರೆ ನಾನೇನು ಮಾಡಬೇಕು’ ಅಂತ ಕೇಳಿ. ಬೇರೆಯವರ ಪರವಾಗಿಯೂ ಅಲ್ಲಿ ಕೇಳಬಹುದು. ‘ನಾನೇ ಮಾತಾಡಿದ್ದೀನಿ, ಚೆನ್ನಾಗಿ ಕೇಳಿಸ್ಕೋತಾರೆ’ ಅಂತ ನೀವು ಹೇಳಿದರೆ ಅದಕ್ಕೆ ಪೋಸ್ಟರ್‌ಗಿಂತ ಜಾಸ್ತಿ ಬೆಲೆ.

ಹೆಜ್ಜೆ 2: ಪ್ರಿನ್ಸಿಪಾಲರ ಕೋಣೆ

ಇಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ: ‘ಒಳ್ಳೇ ಕೆಲಸ. ಆದ್ರೆ ಈ ಹೆಸರಲ್ಲಿ ಬೇಡಪ್ಪ, ಕಾಲೇಜಿಗೆ ಕೆಟ್ಟ ಹೆಸರು.’ ಸಿಟ್ಟಾಗಬೇಡಿ. ಅವರ ಹೆದರಿಕೆಯೂ ಸುಳ್ಳಲ್ಲ. ಪೇಪರಿನವರು, ಪೋಷಕರು, ಅಡ್ಮಿಷನ್ ಎಲ್ಲ ಅವರ ಕಣ್ಣ ಮುಂದೆ ಬರುತ್ತದೆ.

ಬಾಯಲ್ಲಿ ವಾದ ಮಾಡುವ ಬದಲು ಬರವಣಿಗೆಯಲ್ಲಿ ಮನವಿ ಕೊಡಿ. ಅದರಲ್ಲಿ 2025ರ ಜುಲೈ 25ರ ಸುಪ್ರೀಂ ಕೋರ್ಟ್ ತೀರ್ಪನ್ನು ಹೆಸರಿಸಿ. ವಿಶಾಖಪಟ್ಟಣದಲ್ಲಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಸಾವಿನ ಪ್ರಕರಣ ಅದು. ಅದರಲ್ಲಿ ಕೋರ್ಟ್ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿದ್ದರೆ ತರಬೇತಿ ಪಡೆದ ಒಬ್ಬ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸೋಷಿಯಲ್ ವರ್ಕರ್ ಇರಲೇಬೇಕು. ಟೆಲಿ ಮನಸ್ ಸೇರಿದಂತೆ ಸಹಾಯವಾಣಿ ನಂಬರ್‌ಗಳು ಹಾಸ್ಟೆಲ್, ಕ್ಲಾಸ್‌ರೂಮ್, ವೆಬ್‌ಸೈಟ್‌ಗಳಲ್ಲಿ ದೊಡ್ಡ ಅಕ್ಷರದಲ್ಲಿ ಕಾಣಬೇಕು. ಸಿಬ್ಬಂದಿಗೆ ವರ್ಷಕ್ಕೆ ಕನಿಷ್ಠ ಎರಡು ಸಲ ತರಬೇತಿ ಆಗಬೇಕು.

‘ಸಾರ್, ಹೇಗಿದ್ರೂ ಮಾಡ್ಲೇಬೇಕು, ನಾವು ಕೈ ಜೋಡಿಸ್ತೀವಿ’ ಅನ್ನುವ ಧಾಟಿ ಇರಲಿ. ದೂರು ಕೊಡಲು ಬಂದವರ ಧಾಟಿ ಬೇಡ. ಎನ್‌ಎಸ್‌ಎಸ್ ಅಥವಾ ಯೂತ್ ರೆಡ್‌ಕ್ರಾಸ್ ಘಟಕದ ಅಡಿಯಲ್ಲಿ ಕೇಳಿದರೆ ಒಪ್ಪಿಗೆ ಬೇಗ ಸಿಗುತ್ತದೆ. ಹೆಸರು ಏನಾದರೂ ಇರಲಿ. ‘ಗೆಳೆಯರ ಬಳಗ’ ಅಂದರೂ ಸೈ.

ಹೆಜ್ಜೆ 3: ಸಣ್ಣ ತಂಡ, ಗಟ್ಟಿ ನಿಯಮ

ಆರೇಳು ಜನ ಸಾಕು. ಆದರೆ ಎಲ್ಲರೂ ಸ್ಟೇಜ್ ಮೇಲೆ ಮಾತಾಡುವವರೇ ಆದರೆ ಉಪಯೋಗವಿಲ್ಲ. ಹಾಸ್ಟೆಲಿನವರು, ಪಿ.ಜಿ.ಯವರು, ಹಳ್ಳಿಯಿಂದ ಬಸ್ಸಿನಲ್ಲಿ ಬರುವವರು, ಕನ್ನಡ ಮೀಡಿಯಂನಲ್ಲಿ ಓದಿ ಬಂದವರು, ಬ್ಯಾಕ್‌ಲಾಗ್ ಇರುವವರು ತಂಡದಲ್ಲಿರಲಿ. ನಾಲ್ಕು ಸಬ್ಜೆಕ್ಟ್ ಹೋದವನು ರ‍್ಯಾಂಕ್ ಸ್ಟೂಡೆಂಟ್ ಹತ್ತಿರ ಬಂದು ಅಳುವುದು ಕಡಿಮೆ.

ನೀವು ಡಾಕ್ಟರ್ ಅಲ್ಲ, ಕೌನ್ಸೆಲರ್ ಅಲ್ಲ. ಗಮನಿಸುವುದು, ಕೇಳುವುದು, ಕೈ ಹಿಡಿದು ಸರಿಯಾದವರ ಹತ್ತಿರ ಕರೆದುಕೊಂಡು ಹೋಗುವುದು, ಇಷ್ಟೇ ನಿಮ್ಮ ಕೆಲಸ. ಇದಕ್ಕೂ ತರಬೇತಿ ಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಅಥವಾ ಹತ್ತಿರದ ಮೆಡಿಕಲ್ ಕಾಲೇಜಿನ ಮನೋವೈದ್ಯ ವಿಭಾಗವನ್ನು ಪ್ರಿನ್ಸಿಪಾಲರ ಪತ್ರದೊಂದಿಗೆ ಕೇಳಿ ನೋಡಿ. ಅರ್ಧ ದಿನ ಸಿಕ್ಕರೂ ಸಾಕು.

ಗುಟ್ಟಿನ ವಿಷಯದಲ್ಲಿ ಮೊದಲೇ ತೀರ್ಮಾನವಾಗಿರಲಿ. ಯಾರು ಏನೇ ಹೇಳಿಕೊಂಡರೂ ಹೊರಗೆ ಬಿಡುವಂತಿಲ್ಲ. ಆದರೆ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಗುಟ್ಟು ಇಟ್ಟುಕೊಳ್ಳುವಂತಿಲ್ಲ. ‘ಯಾರಿಗೂ ಹೇಳಲ್ಲ ಅಂತ ಆಣೆ ಮಾಡು’ ಅಂದರೆ ಮಾಡಬೇಡಿ. ‘ಎಲ್ಲರಿಗೂ ಹೇಳಲ್ಲ. ಆದ್ರೆ ನಿನ್ನ ಜೀವದ ಪ್ರಶ್ನೆ ಬಂದ್ರೆ ಒಬ್ಬರಿಗಾದ್ರೂ ಹೇಳ್ತೀನಿ, ಅದೂ ನಿನಗೆ ತಿಳಿಸಿಯೇ’ ಅನ್ನಿ. ಗೆಳೆತನ ಹೋದರೆ ಹೋಗಲಿ ಬಿಡಿ. ಆಮೇಲೆ ಸರಿಮಾಡಿಕೊಳ್ಳಬಹುದು.

ತಂಡದಲ್ಲಿ ಯಾರಿಗಾದರೂ ಮನೆಯಲ್ಲೇ ಇಂಥ ಸಾವು ಆಗಿದ್ದರೆ ಅವರನ್ನು ಮುಂದೆ ತಳ್ಳಬೇಡಿ. ಅವರಾಗೇ ಬಂದರೆ ಸರಿ.

ಹೆಜ್ಜೆ 4: ಪದಗಳನ್ನು ತೊಳೆದು ಬಳಸಿ

ಈಗ ಪೋಸ್ಟರ್ ಮಾಡಿ. ನಮ್ಮ ಪತ್ರಿಕೆಗಳಲ್ಲಿ ಒಂದು ಸಿದ್ಧ ಶೀರ್ಷಿಕೆ ಇದೆ: ‘ವಿದ್ಯಾರ್ಥಿ ಆತ್ಮಹತ್ಯೆಗೆ ಶರಣು’. ನನಗೆ ಇದನ್ನು ಓದಿದಾಗೆಲ್ಲ ಮೈ ಉರಿಯುತ್ತದೆ. ಶರಣು ಅನ್ನುವುದು ಬಸವಣ್ಣನ ಕಾಲದಿಂದ ಎದೆಯ ಮೇಲೆ ಕೈಯಿಟ್ಟು ಹೇಳಿದ ಪದ. ಸಾವಿನ ಮುಂದೆ ತಲೆಬಾಗುವುದು ಒಂದು ಭಕ್ತಿಯೇನೋ ಅನ್ನುವ ಹಾಗೆ ಅದನ್ನು ಇಲ್ಲಿ ತಂದು ಕೂರಿಸಿದ್ದೇವೆ. ನಿಮ್ಮ ಪೋಸ್ಟರ್, ಸ್ಟೇಟಸ್, ಭಾಷಣ ಯಾವುದರಲ್ಲೂ ಇದು ಬೇಡ. ‘ಯಶಸ್ವಿ ಪ್ರಯತ್ನ’, ‘ವಿಫಲ ಯತ್ನ’ ಕೂಡ ಬೇಡ. ಬದುಕಿ ಉಳಿದದ್ದು ಸೋಲಾಗುವುದು ಹೇಗೆ? ‘ಜೀವ ಕಳೆದುಕೊಂಡರು’ ಅಂದರೆ ಸಾಕು.

ಯಾವ ರೀತಿ, ಯಾವ ಜಾಗ, ಕೊನೆಯ ಪತ್ರದಲ್ಲಿ ಏನಿತ್ತು ಅನ್ನುವುದನ್ನು ಬರೆಯಬೇಡಿ, ಚಿತ್ರ ಬಿಡಿಸಬೇಡಿ, ಬೀದಿನಾಟಕದಲ್ಲಿ ಮಾಡಿ ತೋರಿಸಬೇಡಿ. ಇದನ್ನು ದಪ್ಪ ಅಕ್ಷರದಲ್ಲಿ ಹೇಳಬೇಕು. ಬೀದಿನಾಟಕದ ಹುಡುಗರು ಕ್ಲೈಮ್ಯಾಕ್ಸ್‌ಗೆ ಅದನ್ನೇ ಇಡುತ್ತಾರೆ, ಜನ ಚಪ್ಪಾಳೆ ಹೊಡೆಯುತ್ತಾರೆ. ಆದರೆ ಗುಂಪಿನಲ್ಲಿ ಸುಮ್ಮನೆ ನಿಂತು ನೋಡುತ್ತಿರುವ ಒಬ್ಬಳಿಗೆ ಅದು ದಾರಿ ತೋರಿಸಿದ ಹಾಗೆ. ವಿವರವಾದ ವರದಿ, ದೃಶ್ಯಗಳಿಂದ ಅನುಕರಣೆ ಹೆಚ್ಚುತ್ತದೆ ಅನ್ನುವುದು ಜಗತ್ತಿನಾದ್ಯಂತ ಕಂಡುಬಂದ ವಿಷಯ. ಕಷ್ಟ ಬಂದು, ಸಹಾಯ ಕೇಳಿ, ದಾಟಿಬಂದವರ ಕಥೆಯಿಂದ ಅದು ಕಡಿಮೆಯೂ ಆಗುತ್ತದೆ. ನಾಟಕ ಬೇಕೇ ಬೇಕು ಅಂದರೆ ಆ ಕಥೆ ಮಾಡಿ.

ಅಂಕಿ ಅಂಶದ ಬಗ್ಗೆಯೂ ಎಚ್ಚರ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಹೀಗೆ ತೀರಿಕೊಂಡರು. ಪ್ರಿನ್ಸಿಪಾಲರಿಗೆ ಕೊಡುವ ಮನವಿಯಲ್ಲಿ ಈ ಸಂಖ್ಯೆ ಇರಲಿ. ಪೋಸ್ಟರ್‌ನಲ್ಲಿ ಬೇಡ. ನೊಂದವರು ಅದನ್ನು ‘ಇಷ್ಟೊಂದು ಜನ ಮಾಡ್ತಾರೆ’ ಅಂತ ಓದಿಕೊಳ್ಳಬಹುದು.

ಹಾಗಾದರೆ ಏನು ಬರೆಯುವುದು? ‘ನಿದ್ದೆ ಬರ್ತಿಲ್ವಾ? ಎರಡು ವಾರದಿಂದ ಯಾರ ಜೊತೆಗೂ ಮಾತು ಬೇಡ ಅನ್ನಿಸ್ತಿದೆಯಾ? 14416.’ ಇಷ್ಟೇ. ಅಂಟಿಸುವ ಜಾಗ ಯೋಚಿಸಿ. ಮುಖ್ಯದ್ವಾರದಲ್ಲಿ ಎಲ್ಲರ ಮುಂದೆ ನಿಂತು ನಂಬರ್ ಬರೆದುಕೊಳ್ಳುವವರು ಯಾರೂ ಇಲ್ಲ. ಟಾಯ್ಲೆಟ್ ಬಾಗಿಲಿನ ಒಳಭಾಗ, ಹಾಸ್ಟೆಲಿನ ನೀರಿನ ಫಿಲ್ಟರ್ ಹತ್ತಿರ, ಲೈಬ್ರರಿಯ ಮೂಲೆ, ಇವು ಒಳ್ಳೆಯ ಜಾಗಗಳು. ಹಾಲ್ ಟಿಕೆಟ್ ಜೊತೆ ಒಂದು ಚೀಟಿ ಕೊಟ್ಟರೆ ಇನ್ನೂ ಒಳ್ಳೆಯದು.

ಹೆಜ್ಜೆ 5: ಕೇಳುವುದು

ಇಡೀ ಲೇಖನದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ಕನ್ನಡದಲ್ಲಿ ‘ಬೇಜಾರು’ ಅನ್ನುವ ಪದ ಎಲ್ಲವನ್ನೂ ನುಂಗಿಬಿಡುತ್ತದೆ. ಮಳೆ ಬಂದು ಮ್ಯಾಚ್ ನಿಂತರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಬದುಕುವುದೇ ಬೇಡ ಅನ್ನಿಸಿದರೂ ಬೇಜಾರು. ಆದ್ದರಿಂದ ಯಾರಾದರೂ ‘ಯಾಕೋ ಬೇಜಾರು ಕಣೋ’ ಅಂದರೆ ‘ಹೌದು ಮಗಾ, ನಂಗೂ’ ಅಂತ ದಾಟಿಕೊಂಡು ಹೋಗಬೇಡಿ. ‘ಎಂಥ ಬೇಜಾರು? ಎಷ್ಟು ದಿನದಿಂದ?’ ಅಂತ ಕೇಳಿ.

ಇದಕ್ಕೆ ನಮ್ಮಲ್ಲಿ ಒಳ್ಳೆಯ ಬಾಗಿಲೂ ಇದೆ: ‘ಊಟ ಆಯ್ತಾ?’ ನಾವು ಅದನ್ನು ಸುಮ್ನೆ ಕೇಳುತ್ತೇವೆ, ಉತ್ತರಕ್ಕೆ ಕಾಯುವುದಿಲ್ಲ. ಈ ಸಲ ಕಾಯಿರಿ. ‘ಇಲ್ಲ, ಹಸಿವಿಲ್ಲ’ ಅನ್ನುವುದು ನಾಲ್ಕನೇ ದಿನವೂ ಬಂದರೆ ಅದೊಂದು ಸುದ್ದಿ. ನಿದ್ದೆಗೆಟ್ಟ ಕಣ್ಣು, ಸ್ನಾನ ಬಿಟ್ಟದ್ದು, ಕ್ಲಾಸಿಗೆ ಬಾರದಿರುವುದು, ಇದ್ದಕ್ಕಿದ್ದಂತೆ ಕುಡಿತ ಜಾಸ್ತಿಯಾದದ್ದು, ‘ನಾನಿಲ್ದಿದ್ರೆ ಮನೆಯವರಿಗೆ ಆರಾಮ’ ಅನ್ನುವ ಮಾತು, ಇಷ್ಟದ ವಸ್ತುಗಳನ್ನು ಹಂಚುವುದು, ಹಳೇ ಬಾಕಿ ತೀರಿಸುವುದು. ಇವುಗಳಲ್ಲಿ ಒಂದೇ ಇದ್ದರೆ ಏನೂ ಅಲ್ಲದಿರಬಹುದು. ಎರಡು ಮೂರು ಒಟ್ಟಿಗೆ ಬಂದರೆ ತಡ ಮಾಡಬೇಡಿ. ತುಂಬಾ ದಿನ ಕುಗ್ಗಿದ್ದವರು ಒಂದು ದಿನ ಕಾರಣವೇ ಇಲ್ಲದೆ ಶಾಂತವಾಗಿಬಿಟ್ಟರೆ ಆಗಲೂ ಗಮನ ಕೊಡಿ.

ಈಗ ನೇರ ಪ್ರಶ್ನೆ. ಬಹಳ ಜನ ಹೀಗೆ ಕೇಳುತ್ತಾರೆ: ‘ಏನೂ ತಪ್ಪು ಯೋಚನೆ ಮಾಡ್ತಿಲ್ಲ ತಾನೇ?’ ಆ ‘ತಾನೇ’ ನೋಡಿ. ಅದು ಪ್ರಶ್ನೆಯೇ ಅಲ್ಲ. ‘ಇಲ್ಲ’ ಅನ್ನು, ನನ್ನನ್ನು ಬಿಟ್ಟುಬಿಡು ಅಂತ ಬೇಡಿಕೊಂಡ ಹಾಗೆ. ‘ತಪ್ಪು ಯೋಚನೆ’ ಅಂದ ಕೂಡಲೇ ಎದುರಿಗಿರುವವನು ಅಪರಾಧಿಯೂ ಆದ. ಬದಲಿಗೆ ಪಕ್ಕದಲ್ಲಿ ಕೂತು, ಸ್ವರ ಇಳಿಸಿ, ನೇರವಾಗಿ ಕೇಳಿ: ‘ಸಾಯಬೇಕು ಅಂತ ಅನ್ನಿಸ್ತಿದೆಯಾ?’

ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುವುದಿಲ್ಲವೇ? ಇಲ್ಲ. ಸಂಶೋಧನೆಗಳಲ್ಲಿ ಹಾಗೆ ಕಂಡುಬಂದಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತದೆ. ಕೇಳಿದಾಗ ಎಷ್ಟೋ ಜನರಿಗೆ ಎದೆ ಹಗುರಾಗುತ್ತದೆ. ತುಟಿಯವರೆಗೆ ಬಂದ ಮಾತನ್ನು ಯಾರೋ ಮೊದಲು ಆಡಿದರಲ್ಲ ಅನ್ನುವ ಸಮಾಧಾನ ಅದು. ಆದರೂ ಮೊದಲ ಸಲ ಕೇಳುವಾಗ ನಾಲಿಗೆ ಏಳುವುದಿಲ್ಲ. ತಂಡದಲ್ಲಿ ಇಬ್ಬಿಬ್ಬರು ಎದುರುಬದುರು ಕೂತು ಈ ವಾಕ್ಯವನ್ನು ಹತ್ತು ಸಲ ಹೇಳಿ ಅಭ್ಯಾಸ ಮಾಡಿ. ಮೊದಲು ನಗು ಬರುತ್ತದೆ. ಐದನೇ ಸಲಕ್ಕೆ ನಗು ನಿಲ್ಲುತ್ತದೆ.

ಉತ್ತರ ಬಂದ ಮೇಲೆ ನಿಮ್ಮ ಬಾಯಿಗೆ ಬೀಗ ಹಾಕಿ. ‘ಯಾರಿಗಿಲ್ಲ ಕಷ್ಟ?’, ‘ಧೈರ್ಯ ತಗೋ’, ‘ಇಷ್ಟಕ್ಕೆಲ್ಲಾ ಯಾರಾದ್ರೂ...’ ಇವು ಬೇಡ. ‘ಅಪ್ಪ ಅಮ್ಮನ ಮುಖ ನೋಡು’ ಅನ್ನುವುದು ಒಳ್ಳೆಯ ಮಾತಿನಂತೆ ಕಾಣುತ್ತದೆ. ಆದರೆ ಅಪ್ಪ ಸಾಲ ಮಾಡಿ ಫೀಸ್ ಕಟ್ಟಿದ್ದಾರೆ, ನಾನು ಫೇಲಾದೆ ಅಂತ ಕುಗ್ಗಿರುವವನಿಗೆ ಅದು ಇನ್ನೊಂದು ಕಲ್ಲು ಹೊರಿಸಿದ ಹಾಗೆ. ‘ಹೇಳಿದ್ದು ಒಳ್ಳೇದಾಯ್ತು. ನಾನು ಇಲ್ಲೇ ಇರ್ತೀನಿ’ ಅಂದರೆ ಸಾಕು. ಉಪಾಯ ಹೇಳಬೇಕಿಲ್ಲ.

ಹೆಜ್ಜೆ 6: ‘ಹೌದು’ ಅಂದರೆ

ಒಬ್ಬರನ್ನೇ ಬಿಡಬೇಡಿ. ಒಂದು ನಿಮಿಷಕ್ಕೂ ಬೇಡ. ಹೇಗೆ ಅಂತ ಯೋಚಿಸಿದ್ದಾರಾ, ಅದಕ್ಕೆ ಬೇಕಾದ್ದು ಹತ್ತಿರ ಇದೆಯಾ ಅಂತ ಮೆಲ್ಲಗೆ ಕೇಳಿ. ಇದ್ದರೆ ಅದನ್ನು ಅವರ ಕೈಗೆ ಸಿಗದ ಹಾಗೆ ಮಾಡಿ. ಇನ್ನೊಬ್ಬರನ್ನು ಕರೆಸಿ. ಅವರ ಎದುರೇ 14416ಕ್ಕೆ ಫೋನ್ ಮಾಡಿ ಸ್ಪೀಕರ್‌ನಲ್ಲಿಡಿ. ಹಾಳೆಯಲ್ಲಿರುವ ಮೇಷ್ಟ್ರಿಗೆ ತಿಳಿಸಿ. ಈಗಾಗಲೇ ಏನಾದರೂ ಮಾಡಿಕೊಂಡಿದ್ದರೆ ಮಾತಿಲ್ಲ, 108 ಅಥವಾ 112, ನೇರ ಆಸ್ಪತ್ರೆ. ಆರಾಮಾಗಿ ಕಾಣುತ್ತಿದ್ದಾನೆ ಅಂತ ಬೆಳಗಿನವರೆಗೆ ಕಾಯಬೇಡಿ.

‘ಪೊಲೀಸ್ ಕೇಸ್ ಆಗತ್ತೆ’ ಅನ್ನುವ ಹೆದರಿಕೆಯಿಂದ ಎಷ್ಟೋ ಜನ ಆಸ್ಪತ್ರೆಗೆ ತಡವಾಗಿ ಹೋಗುತ್ತಾರೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಜೀವ ತೆಗೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಅಂಥ ಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ ಐಪಿಸಿಯ 309ನೇ ಸೆಕ್ಷನ್ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಆಸ್ಪತ್ರೆಯವರು ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಅಂತ ಬರೆದುಕೊಳ್ಳಬಹುದು. ಅದು ದಾಖಲೆ, ಶಿಕ್ಷೆ ಅಲ್ಲ.

ಮನೆಗೆ ತಿಳಿಸುವಾಗ ಮಾತ್ರ ಸ್ವಲ್ಪ ನಿಧಾನ. ಪ್ರೀತಿ, ಜಾತಿ, ಬೇಡದ ಮದುವೆ, ಅಪ್ಪನ ಹೊಡೆತ ಹೀಗೆ ಕಷ್ಟದ ಮೂಲ ಮನೆಯೇ ಆಗಿರುತ್ತದೆ ಕೆಲವು ಸಲ. ‘ಮನೆಯಲ್ಲಿ ಯಾರಿಗೆ ಹೇಳಿದ್ರೆ ನಿನಗೆ ಪರವಾಗಿಲ್ಲ?’ ಅಂತ ಅವರನ್ನೇ ಕೇಳಿ. ಅಕ್ಕ, ಸೋದರಮಾವ, ಚಿಕ್ಕಮ್ಮ, ಯಾರೋ ಒಬ್ಬರು ಸಿಗುತ್ತಾರೆ.

ಹೆಜ್ಜೆ 7: ನಿಜವಾದ ಕ್ಯಾಲೆಂಡರ್

ಸೆಪ್ಟೆಂಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನವಾದ ಅಕ್ಟೋಬರ್ 10 ಬ್ಯಾನರಿನ ದಿನಗಳು. ನೀವು ಗುರುತು ಹಾಕಬೇಕಾದ ದಿನಗಳು ಬೇರೆ. ರಿಸಲ್ಟ್ ದಿನ. ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿ ಹಾಕುವ ದಿನ. ಫೀಸ್ ಕಟ್ಟಲು ಕೊನೆಯ ದಿನ. ಪ್ಲೇಸ್‌ಮೆಂಟ್‌ನ ಎರಡನೇ ರೌಂಡ್. ಹಾಸ್ಟೆಲಿಗೆ ಹೊಸಬರು ಬಂದ ಮೊದಲ ತಿಂಗಳು.

ಮೊದಲೆಲ್ಲ ರಿಸಲ್ಟ್ ನೋಡಲು ನೋಟಿಸ್ ಬೋರ್ಡ್ ಮುಂದೆ ನಿಲ್ಲುತ್ತಿದ್ದೆವು. ಫೇಲಾದವನ ಹೆಗಲ ಮೇಲೆ ಯಾರಾದರೂ ಕೈ ಇಡುತ್ತಿದ್ದರು. ಈಗ ರಿಸಲ್ಟ್ ರಾತ್ರಿ ಹತ್ತಕ್ಕೂ ಬರುತ್ತದೆ, ಫೋನಿನಲ್ಲಿ, ಹೊದಿಕೆಯೊಳಗೆ. ಅದಕ್ಕೇ ಆ ದಿನ ತಂಡ ಹೆಸರು ಹಂಚಿಕೊಳ್ಳಲಿ. ಹಿಂದಿನ ಸೆಮಿಸ್ಟರ್ ಬಾಕಿ ಇರುವವರು, ಗ್ರೂಪಿನಲ್ಲಿ ಮೌನವಾದವರು, ಇವರ ರೂಮಿಗೆ ಹೋಗಿ ಬಾಗಿಲು ತಟ್ಟಿ. ಕ್ಲಾಸ್ ಗ್ರೂಪಿನಲ್ಲಿ ಮಾರ್ಕ್ಸ್ ಪಟ್ಟಿ ಹಾಕುವುದನ್ನು ನಿಲ್ಲಿಸಿ. ರೀವ್ಯಾಲ್ಯುಯೇಷನ್‌ಗೆ ಕೊನೆಯ ದಿನ, ಸಪ್ಲಿ ಅರ್ಜಿ, ಫೀಸ್ ಎಷ್ಟು ಅನ್ನುವ ಮೆಸೇಜ್ ರಿಸಲ್ಟ್‌ಗೂ ಮೊದಲೇ ಹೋಗಲಿ. ಮುಂದೆ ದಾರಿ ಇದೆ ಅಂತ ಭಾಷಣ ಮಾಡುವುದಕ್ಕಿಂತ ಅರ್ಜಿ ಎಲ್ಲಿ ಸಿಗುತ್ತದೆ ಅಂತ ಹೇಳುವುದು ವಾಸಿ. ಪಿಯು ಓದುವ ತಮ್ಮ ತಂಗಿಯರಿಗೂ ತಿಳಿಸಿ. ದ್ವಿತೀಯ ಪಿಯುಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಅವಕಾಶ ಇದೆ.

ಮೊದಲ ತಿಂಗಳಿನ ಕಷ್ಟ ರ‍್ಯಾಗಿಂಗ್ ಆಗಿದ್ದರೆ ಅದಕ್ಕೆ ಬೇರೆ ನಂಬರ್ ಇದೆ: 1800 180 5522. ಅಲ್ಲಿ ಧೈರ್ಯದ ಮಾತು ಸಾಲದು, ದೂರು ಬೇಕು.

ಹೆಜ್ಜೆ 8: ಕಾಲೇಜಿನಲ್ಲಿ ಸಾವು ಆಗಿಹೋದರೆ

ಫೋಟೊ ಸ್ಟೇಟಸ್, ‘ಮಿಸ್ ಯು’ ರೀಲ್ಸ್, ಕಾರಣ ಹುಡುಕುವ ಗುಸುಗುಸು ಎಲ್ಲ ನಿಲ್ಲಿಸಿ. ಸುದ್ದಿಯನ್ನು ಮೈಕಿನಲ್ಲಿ ಹೇಳುವ ಬದಲು ಮೇಷ್ಟ್ರುಗಳು ಕ್ಲಾಸ್ ಕ್ಲಾಸಿಗೆ ಹೋಗಿ ಹೇಳಲಿ. ರೂಮ್‌ಮೇಟ್, ಪಕ್ಕದ ಬೆಂಚಿನವರು, ಕೊನೆಯ ಸಲ ಜಗಳ ಆಡಿದವರು, ಇವರ ಹತ್ತಿರ ಮುಂದಿನ ಕೆಲವು ವಾರ ಯಾರಾದರೂ ಇರಲೇಬೇಕು.

ಹೆಜ್ಜೆ 9: ವಾಪಸ್ ಬಂದವರು

ಇದನ್ನು ಎಲ್ಲರೂ ಮರೆಯುತ್ತಾರೆ. ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ಕೆಲವು ವಾರ, ತಿಂಗಳು ಬಹಳ ನಾಜೂಕು. ಕ್ಲಾಸಿಗೆ ಬಂದ ದಿನ ಎಲ್ಲರೂ ತಿರುಗಿ ನೋಡುವುದು, ಇಲ್ಲವೇ ಯಾರೂ ನೋಡದಿರುವುದು, ಎರಡೂ ನೋವೇ. ತಪ್ಪಿದ ನೋಟ್ಸ್ ಜೆರಾಕ್ಸ್ ಮಾಡಿಸಿಟ್ಟಿರಿ. ಇಂಟರ್ನಲ್ಸ್, ಅಟೆಂಡೆನ್ಸ್ ವಿಷಯ ಅವರ ಒಪ್ಪಿಗೆ ಪಡೆದು ಮೇಷ್ಟ್ರ ಹತ್ತಿರ ಮಾತಾಡಿ. ಮಾತ್ರೆ ಕೊಟ್ಟಿದ್ದರೆ ‘ಅದೆಲ್ಲಾ ತಗೋಬೇಡ, ಅಭ್ಯಾಸ ಆಗತ್ತೆ’ ಅನ್ನುವ ರೂಮ್‌ಮೇಟ್ ಡಾಕ್ಟರ್‌ಗಳು ಇರುತ್ತಾರೆ. ಅವರನ್ನು ಸುಮ್ಮನಾಗಿಸಿ, ಮಾತ್ರೆ ನಿಲ್ಲಿಸುವ ಮಾತು ಡಾಕ್ಟರ್ ಹತ್ತಿರವೇ ಆಗಲಿ. ಮುಂದಿನ ಚೆಕಪ್ ದಿನಾಂಕ ನಿಮ್ಮ ಫೋನಿನಲ್ಲೂ ಇರಲಿ. ಆ ದಿನ ಬಸ್ಸಿನಲ್ಲಿ ಜೊತೆಗೆ ಹೋಗಿ. ಓಪಿಡಿ ಚೀಟಿ ರೂಮಿನಲ್ಲೇ ಮರೆತು ಬರುತ್ತಾರೆ, ಹೊರಡುವ ಮೊದಲು ಒಂದು ಸಲ ಕೇಳಿ.